ಚಾರ್ಮಾಡಿ ಬಿಟ್ಟು ಕಳಸದ ದಾರಿ

ಮೂಡುಬಿದಿರೆಯಲ್ಲಿ ಬಲಕ್ಕೆ ತಿರುಗಬೇಕಿದ್ದ ಕಾರು ನೇರ ಕಾರ್ಕಳದ ಕಡೆ ಓಡಿತು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಭುವನಾ ಚುಚ್ಚಿದಂತೆ ಎದ್ದು ಕೂತಳು.

“ಅನಿಲ, ಬೆಳ್ತಂಗಡಿ ರಸ್ತೆ ಹಿಂದೆ ಹೋಯ್ತಲ್ಲ.”

“ಚಾರ್ಮಾಡಿ ಘಾಟಿ ಬಂದ್ ಅಂತೆ ಅಕ್ಕಾ. ಮರ ಬಿದ್ದಿದೆ. ಕುದುರೆಮುಖ, ಕಳಸದ ಮೇಲೆ ಕೊಟ್ಟಿಗೆಹಾರಕ್ಕೆ ಹೋಗೋಣ.”

“ಶಿವರಾತ್ರಿ ಬಿಸಿಲಿಗೆ ಮರ ಬಿತ್ತಾ?”

“ಬೀಳೋ ಮರ ಮಳೆಗೆ ಕಾಯುತ್ತಾ ಅಕ್ಕಾ?”

ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು, ಬಿಸಿ ತಗುಲಿದಂತೆ ಹಿಂದೆ ಸರಿಯಿತು.

ಹನ್ನೊಂದು ವರ್ಷ ಕಾದು, ಮೂರು ದೇಶದ ಡಾಕ್ಟರುಗಳನ್ನು ಸುಸ್ತು ಮಾಡಿ, ಭೂಮಿಯ ಮೇಲಿನ ಅಷ್ಟೂ ದೇವರಿಗೆ ತಲಾ ಎರಡು ಸಲ ಕೈಮುಗಿದ ಮೇಲೆ ಭುವನಾಳಿಗೆ ಮಗಳು ಹುಟ್ಟಿದ್ದಳು. ಹೊತ್ತ ಹರಕೆ ಒಂದೇ. ಕೊಟ್ಟಿಗೆಹಾರದಿಂದ ಧರ್ಮಸ್ಥಳದವರೆಗೆ ಬರಿಗಾಲಲ್ಲಿ, ಊರಿನ ಪಾದಯಾತ್ರೆಯ ತಂಡದ ಜೊತೆ. ಮಗುವನ್ನು ಗಂಡನ ಕೈಲಿಟ್ಟು, ನಾಲ್ಕೇ ದಿನದ ರಜೆ ಹಿಡಿದು ಮಸ್ಕತ್ತಿನಿಂದ ಬಂದಿಳಿದಿದ್ದಳು. ತಂಡದ ಕಟ್ಟಳೆ ಕಬ್ಬಿಣದಷ್ಟು ಗಟ್ಟಿ: ಸಂಜೆ ಐದಕ್ಕೆ ಕೊಟ್ಟಿಗೆಹಾರದಲ್ಲಿ ಈಡುಗಾಯಿ ಒಡೆಯುವಾಗ ಎದುರಿಗೆ ಇಲ್ಲದವರು ಆ ವರ್ಷ ನಡೆದಂತಲ್ಲ. ಆಮೇಲೆ ಮಂಡಿ ಸವೆಯುವವರೆಗೆ ನಡೆದರೂ ಅಲ್ಲ.

ಕಟ್ಟಳೆ ಮಾಡಿದವರು ಅವಳ ದೊಡ್ಡಪ್ಪ ಮಲ್ಲಿಕಾರ್ಜುನಪ್ಪ. ಮೂಡಿಗೆರೆಯ ಬಟ್ಟೆ ಅಂಗಡಿಯವರು, ಇಪ್ಪತ್ತೊಂದು ವರ್ಷದಿಂದ ತಂಡದ ಹಿರಿಯರು. ಅವರ ನಡಿಗೆಯ ಕಥೆ ಬಾಬಾಬುಡನ್‌ಗಿರಿಯಿಂದ ಹೊರನಾಡಿನವರೆಗೆ ಗೊತ್ತಿಲ್ಲದ ನಾಯಿಯೂ ಇಲ್ಲ. ಅವರು ಹೊರಟರೆ ಗಾಳಿ ದಾರಿ ಬಿಡುತ್ತದಂತೆ. ಚಾರ್ಮಾಡಿಯ ಮಂಗಗಳು ಎದ್ದು ನಿಲ್ಲುತ್ತವಂತೆ. ಅರವತ್ತೆಂಟು ದಾಟಿದ ಕಾಲಿನಲ್ಲಿ ಒಂದು ಬೊಬ್ಬೆಯೂ ಎದ್ದದ್ದಿಲ್ಲ.

ಈ ಕಾರು, ತಮ್ಮ ಡ್ರೈವರ್ ಅನಿಲನನ್ನು ಕಳಿಸಿದವರೂ ದೊಡ್ಡಪ್ಪನೇ. ನಡೆಯಬೇಡ ಎಂದು ಮೂರು ಸಲ ಫೋನು ಮಾಡಿದವರೂ ಅವರೇ. “ಹರಕೆ ನಿಂದು, ಕಾಲು ನಂದು ಅಂತ ಇಟ್ಕೋ ಮಗಾ. ನಿನ್ನ ಪಾಲಿಂದೂ ನಾನೇ ನಡೀತೀನಿ. ನೀನು ಕಾರಲ್ಲಿ ಬಾ.”

ಬಜಗೋಳಿಯಲ್ಲಿ ಅನಿಲನಿಗೆ ಫೋನು ಬಂತು. ಕಾರು ನಿಲ್ಲಿಸಿ, ಇಳಿದು, ನಲವತ್ತು ಹೆಜ್ಜೆ ದೂರ ಹೋಗಿ ಮಾತಾಡಿದ. ಭುವನಾ ಗಾಜು ಇಳಿಸಿದಳು. ಅವಳ ಕಿವಿ ಆ ಹೊತ್ತಿನಲ್ಲಿ ಇರುವೆಯ ಸೀನನ್ನೂ ಕೇಳಿಸಿಕೊಳ್ಳುತ್ತಿತ್ತು.

“ಇಲ್ಲ, ಅವ್ರಿಗೆ ಏನೂ ಗೊತ್ತಾಗಿಲ್ಲ. ಆ ಕಡೆ ತಲೆ ಹಾಕೋಕೂ ಬಿಡಲ್ಲ.”

ಅವನು ಮರಳುವಷ್ಟರಲ್ಲಿ ಭುವನಾ ಗಾಜು ಏರಿಸಿದ್ದಳು.

ಕುದುರೆಮುಖದ ತಿರುವುಗಳಲ್ಲಿ ಮೊಬೈಲಿಗೆ ಉಸಿರೇ ಇರಲಿಲ್ಲ. ಸಂಸೆಯಲ್ಲಿ ಅನಿಲ ಚಹಾಕ್ಕೆಂದು ಇಳಿದ. ಮಸ್ಕತ್ತಿನಿಂದ ಮಂಗಳೂರಿಗೆ ಹಾರುವಷ್ಟು ಹೊತ್ತು ಒಂದೇ ಲೋಟ ಕುಡಿದ. ಆಮೇಲೆ ನಾಲ್ಕೂ ಚಕ್ರಗಳಿಗೆ ಒದ್ದು ನೋಡಿದ, ಆಮೇಲೆ ಐದನೆಯದಕ್ಕೂ. ಗಂಟೆ ಮೂರು ದಾಟಿತ್ತು.

ಕಳಸದಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಅವಳು ಸುಕನ್ಯಾಳಿಗೆ ಫೋನು ಮಾಡಿದಳು. ಹೈಸ್ಕೂಲಿನ ಗೆಳತಿ, ಈ ಸಲವೂ ತಂಡದಲ್ಲಿ ನಡೆಯುವವಳು, ಆಗಲೇ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತ ಕೂತಿದ್ದಳು.

“ಯಾವ ಮರ ಮಾರಾಯ್ತಿ? ಈಗ ತಾನೆ ಚಾರ್ಮಾಡಿ ಹತ್ತಿ ಉಜಿರೆ ಬಸ್ಸು ಬಂತಲ್ಲ, ಕಣ್ಣೆದುರಿಗೇ.”

ಭುವನಾ ಫೋನು ಕೆಳಗಿಟ್ಟಳು.

“ಮರ ಬಿದ್ದಿಲ್ಲ ಅನಿಲ.”

ಅವನ ಕಿವಿ ಹಣ್ಣಾದ ಕಾಫಿಯ ಬಣ್ಣಕ್ಕೆ ತಿರುಗಿತು.

“ನನ್ನ ನಡಿಗೆ ತಪ್ಪಿಸು ಅಂದ್ರಾ ದೊಡ್ಡಪ್ಪ?”

“ಮಂಜುನಾಥನ ಆಣೆ, ಐದರ ಒಳಗೆ ಮುಟ್ಟಿಸ್ತೀನಿ ಅಕ್ಕಾ. ದಾರಿ ವಿಷಯ ಒಂದು ಮಾತ್ರ ಕೇಳಬೇಡಿ.”

“ಯಾಕೆ?”

“ನಾನು ಅವ್ರ ಅನ್ನ ತಿನ್ನೋನು.”

ಇನ್ನು ಕೇಳುವುದೇನಿತ್ತು? ಈ ಮನೆತನದಿಂದ ನಡೆದವರೆಂದರೆ ದೊಡ್ಡಪ್ಪ ಒಬ್ಬರೇ. ಹಾರವೂ ಒಂದೇ, ಹೊಗಳಿಕೆಯೂ ಒಂದೇ. ಪಕ್ಕದಲ್ಲಿ ಇನ್ನೊಂದು ಹೆಸರು ಬರುವುದು, ಅದೂ ತಮ್ಮನ ಮಗಳದು, ಅವರಿಗೆ ನುಂಗಲಾಗಿಲ್ಲ. ಹನ್ನೊಂದು ವರ್ಷಕ್ಕೆ ಸಿಕ್ಕಿದ ಮಗುವಿನ ಹರಕೆಗೂ ಅಡ್ಡಗಾಲು ಹಾಕುತ್ತಾರೆಂದರೆ ಎಂಥಾ ಮನುಷ್ಯ. ಕಣಗಳಲ್ಲಿ ಹರಡಿದ ಕಾಫಿ ಬೀಜ, ಮೆಣಸಿನ ಬಳ್ಳಿಗೆ ಒರಗಿದ ಏಣಿಗಳು ಕಿಟಕಿಯಾಚೆ ಹಿಂದೋಡುತ್ತಿದ್ದವು. ಅವಳಿಗೆ ಗಡಿಯಾರದ ಮುಳ್ಳು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಅನಿಲನಿಗೆ ಏನು ತಟ್ಟಿತೋ, ಆ ಕಾರನ್ನು ಓಡಿಸಿದ ಎಂದರೆ ಸುಳ್ಳಾದೀತು, ಎಸೆದ. ಕೊಟ್ಟಿಗೆಹಾರ ಮುಟ್ಟಿದಾಗ ಐದಕ್ಕೆ ಮೂರು ನಿಮಿಷ. ತಂಡದ ಗಿಡ್ಡಪ್ಪಜ್ಜ ಕಾಯಿ ಎತ್ತಿ ನಿಂತಿದ್ದರು. ಕಾರು ಪೂರ್ತಿ ನಿಲ್ಲುವ ಮೊದಲೇ ಭುವನಾ ಚಪ್ಪಲಿ ಒಳಗೇ ಬಿಟ್ಟು ಹಾರಿದಳು, ಇಪ್ಪತ್ತು ಜನರನ್ನು ಸೀಳಿಕೊಂಡು ಮುಂದೆ ಹೋಗಿ ಕೈಮುಗಿದಳು. ಕಾಯಿ ಚೂರುಚೂರಾಯಿತು. ಒಂದು ಹನಿ ನೀರು ಅವಳ ಪಾದಕ್ಕೂ ಸಿಡಿಯಿತು. ಲೆಕ್ಕಕ್ಕೆ ಸೇರಿದಳು.

“ದೊಡ್ಡಪ್ಪ ಎಲ್ಲಿ ಅಜ್ಜಾ? ಅವರ ಹತ್ರ ಎರಡು ಮಾತಿದೆ.”

“ಅವ್ರು ನಮ್ಮ ಕೈಗೆ ಎಲ್ಲಿ ಸಿಗ್ತಾರೆ ಮಗಳೇ? ನಮ್ಮ ಜೊತೆ ನಡೆದ್ರೆ ಅವ್ರ ಕಾಲಿಗೆ ತುಕ್ಕು ಹಿಡಿಯುತ್ತೆ. ಬೆಳಿಗ್ಗೆನೇ ಅವ್ರಿಗೆ ಅಂತ ಬೇರೆ ಕಾಯಿ ಒಡೆಸಿ, ಹಾರ ಹಾಕಿ ಮೂಡಿಗೆರೆಯಿಂದ ಕಳಿಸಿದ್ವಿ. ಒಬ್ರೇ ಹೋಗೋದು, ಪ್ರತಿ ವರ್ಷದ ಹಾಗೆ. ಈಗ ಅರ್ಧ ಘಾಟಿ ಇಳಿದಿರ್ತಾರೆ.”

“ನಾಳೆ ನಾವು ಹೋಗಿ ನೋಡಿದ್ರೆ ದೇವಸ್ಥಾನದ ಬಾಗಿಲಲ್ಲೇ ನಿಂತಿರ್ತಾರೆ,” ಸುಕನ್ಯಾ ದನಿಗೂಡಿಸಿದಳು. “ಹೋದ ವರ್ಷ ಆ ಪಾದಕ್ಕೆ ನಾವೆಲ್ಲ ಅಡ್ಡ ಬಿದ್ವಿ.”

ಅನಿಲ ಭುವನಾಳ ಚೀಲ ಹೊತ್ತು ತಂಡದ ಸಾಮಾನಿನ ಟೆಂಪೋ ಕಡೆ ಹೋಗಿದ್ದ. ಅವನ ಫೋನು ಕಾರಿನಲ್ಲೇ ಹೊಡೆದುಕೊಳ್ಳತೊಡಗಿತು. ಬಾಗಿಲು ತೆರೆದಿತ್ತು. ಮುಂದಿನ ಪರದೆಯ ಮೇಲೆ ಹೊಳೆಯುತ್ತಿದ್ದ ಹೆಸರು ಓದಿ ಭುವನಾ ಕೈಚಾಚಿ ಒತ್ತಿದಳು. ಹಲೋ ಎನ್ನುವುದಕ್ಕೂ ಬಿಡದೆ ಕಾರಿನ ನಾಲ್ಕೂ ಸ್ಪೀಕರುಗಳಿಂದ ಮಲ್ಲಿಕಾರ್ಜುನಪ್ಪನವರ ದನಿ ಕೊಟ್ಟಿಗೆಹಾರದ ಇಡೀ ಸರ್ಕಲ್ಲಿಗೆ ಕೇಳುವಂತೆ ಹೊರಟಿತು.

“ಹುಡುಗೀನ ಘಾಟಿ ತಪ್ಪಿಸಿ, ತಡ ಮಾಡಿ ಕರ್ಕೊಂಡು ಬಂದೆ ತಾನೆ? ನನ್ನ ಜೀಪು ಅವಳ ಕಣ್ಣಿಗೆ ಬಿದ್ದಿದ್ರೆ ಕಥೆ ಕೆಡ್ತಿತ್ತು. ನಾನು ಮಧ್ಯಾಹ್ನನೇ ಧರ್ಮಸ್ಥಳದ ರೂಮಿಗೆ ಬಂದು ಒಂದು ನಿದ್ದೆನೂ ಮುಗೀತು ಮಾರಾಯ. ನಾಳೆ ಅವರು ಬರೋ ಹೊತ್ತಿಗೆ ಕಾಲಿಗೆ ಬಳ್ಕೊಳ್ಳೋ ಕೆಮ್ಮಣ್ಣು ಈ ಸಲ ಯಾವ ಚೀಲದಲ್ಲಿಟ್ಟಿದೀಯ?”