ಗುಡ್ಡದ ನಡಿಗೆ

ಒಡೆಸ್ಸಾ ಪ್ರೂಯಿಟ್ ಹಾಳೆಯ ಮೇಲೆ ಒಂದಂಕಿಯನ್ನೂ ಬರೆದಿರಲಿಲ್ಲ. ಉಳಿದ ನಾಲ್ವರು ಸ್ಲೋವಾಕ್ ಚರ್ಚಿನ ಸ್ಮಶಾನದ ಇಳಿಜಾರಿನಲ್ಲಿ ಸಮಾಧಿಯಿಂದ ಸಮಾಧಿಗೆ ಓಡಾಡಿ ಹುಟ್ಟಿದ ವರ್ಷ, ಸತ್ತ ವರ್ಷ ಗೀಚಿಕೊಳ್ಳುತ್ತಿದ್ದರೆ, ಒಂಬತ್ತು ವರ್ಷದ ಈ ಹುಡುಗಿ ಮಾತ್ರ ಕತ್ತನ್ನು ಒಂದು ಕಡೆಗೆ ವಾಲಿಸಿಕೊಂಡು ಸುಮ್ಮನೆ ನಿಂತಿದ್ದಳು.

ಶಾಲೆಯಲ್ಲಿ ಬಲು ಚುರುಕೆಂದು ಆರಿಸಿದ ಐದು ಮಕ್ಕಳನ್ನು ಬುಧವಾರಕ್ಕೊಮ್ಮೆ ತರಗತಿಯಿಂದ ಕರೆದೊಯ್ದು, ತಾವೇ ಕೇಳಿ ತಾವೇ ಹುಡುಕುವಂಥ ಪಾಠ ಮಾಡುವುದು ನೊರೀನ್ ವಾಸ್ಕೊಳ ಕೆಲಸ. ಹಿಂದಿನ ಕಾಲದಲ್ಲಿ ಈ ಊರಿನವರು ಎಷ್ಟು ವರ್ಷ ಬದುಕುತ್ತಿದ್ದರು ಎಂಬುದು ಈ ತಿಂಗಳ ಪ್ರಶ್ನೆ. ಹನ್ನೊಂದು ವರ್ಷಗಳಿಂದ ಅವಳು ಇದನ್ನೇ ಮಾಡಿಸುತ್ತ ಬಂದಿದ್ದಳು. ಮಕ್ಕಳು ತಾವಾಗಿಯೇ ಕಂಡುಹಿಡಿಯಬೇಕಾದ ಉತ್ತರ ಅವಳಿಗೆ ಬಾಯಿಪಾಠವಾಗಿಹೋಗಿತ್ತು.

ಯಾಕೆ ಬರೆಯುತ್ತಿಲ್ಲವೆಂದು ವಿಚಾರಿಸಿದರೆ, ತನಗೆ ಬೇರೆ ಪ್ರಶ್ನೆ ಬಂದಿದೆ ಎಂದಳು ಒಡೆಸ್ಸಾ. "ಮಿಸ್, ಕಲ್ಲೆಲ್ಲಾ ಒಂದೇ ಕಡೆ ವಾಲಿವೆಯಲ್ಲ, ಯಾಕೆ?"

ಉತ್ತರ ಬಂದದ್ದು ಬೆನ್ನ ಹಿಂದಿನಿಂದ. ಸ್ಮಶಾನ ನೋಡಿಕೊಳ್ಳುವ ಹೂಡಾಕ್, ಎಪ್ಪತ್ನಾಲ್ಕರ ಮುದುಕರು, ಎಲೆ ಗುಡಿಸುವುದನ್ನು ನಿಲ್ಲಿಸಿ ಹತ್ತಿರ ಬಂದಿದ್ದರು. "ಯಾಕೆ ಅಂದ್ರೆ, ಲೋಕಸ್ಟ್ ಬೀದಿ ಪೋಕರಿಗಳು ಬಂದು ತಳ್ಳಿ ಹೋಗ್ತಾವೆ. ಇನ್ಯಾಕೆ?" ನಲವತ್ತು ವರ್ಷಗಳಿಂದ ಆ ಬೀದಿಯ ಮಕ್ಕಳನ್ನು ಅಟ್ಟಿ ಅಟ್ಟಿ ಸಾಕಾಗಿದೆಯೆಂದೂ, ಈ ಚಳಿಗಾಲಕ್ಕೆ ಗೇಟಿಗೆ ಬೀಗ ಹಾಕಿಸುವುದೇ ಸೈ ಎಂದೂ ಅವರು ನೊರೀನಳಿಗೆ ಹೇಳಿದರು.

"ನಾನೂ ಅದೇ ಬೀದಿಯವಳು," ಎಂದಳು ಒಡೆಸ್ಸಾ.

ನೊರೀನಳ ಕಿವಿ ಬಿಸಿಯಾಯಿತು. ಏನಾದರೊಂದು ಹೇಳಿ ಮಾತು ಮರೆಸಿ, ಹುಡುಗಿಯನ್ನು ಮತ್ತೆ ಹಾಳೆಗೆ ಹಚ್ಚಬಹುದಿತ್ತು. ಆದರೆ ಆ ಮುಖದಲ್ಲಿ ಸಿಟ್ಟಿರಲಿಲ್ಲ. ಕಠಿಣ ಲೆಕ್ಕದ ಮುಂದೆ ಕೂತಾಗ ಆಗುವಂತೆ ಕಣ್ಣು ಕಿರಿದಾಗಿತ್ತು. "ತಳ್ಳಿದ್ದಾರೋ ಇಲ್ಲವೋ, ಹೇಗೆ ಗೊತ್ತುಮಾಡ್ಕೋತೀಯ?" ಎಂದಷ್ಟೇ ನೊರೀನ್ ಕೇಳಿದಳು.

ದಾರದ ತುದಿಗೆ ಕಲ್ಲು ಕಟ್ಟಿ, ಪ್ರತಿ ಸಮಾಧಿಕಲ್ಲಿನ ನೆತ್ತಿಯಿಂದ ಇಳಿಬಿಟ್ಟು, ಬುಡಕ್ಕೂ ದಾರಕ್ಕೂ ನಡುವಿನ ಅಂತರವನ್ನು ಅಳೆದರು. ಉಳಿದ ಮಕ್ಕಳೂ ತಮ್ಮ ಲೆಕ್ಕ ಬಿಟ್ಟು ಬಂದು ಸ್ಕೇಲು ಹಿಡಿದರು. 1894ರ ಕಲ್ಲು ಐದಿಂಚು ವಾಲಿತ್ತು. 1931ರದು ಮೂರೂವರೆ. 1966ರದು ಎರಡು. ಹೋದ ವರ್ಷ ನೆಟ್ಟದ್ದು ಕೂದಲೆಳೆಯಷ್ಟೂ ಇಲ್ಲ. ನಲವತ್ತು ಕಲ್ಲು ಮುಗಿಯುವ ಹೊತ್ತಿಗೆ ಹೂಡಾಕ್ ಕೂಡ ಪೊರಕೆಯನ್ನು ಮರಕ್ಕೆ ಒರಗಿಸಿಟ್ಟು ಹಿಂದೆಯೇ ಬರುತ್ತಿದ್ದರು.

ನೀವೇ ನೆಟ್ಟಗೆ ನಿಲ್ಲಿಸಿದ ಕಲ್ಲು ಯಾವುದಾದರೂ ಇದೆಯೇ ಎಂದು ಒಡೆಸ್ಸಾ ಅವರನ್ನು ಕೇಳಿದಳು. ಇತ್ತು, ಅವರ ಅಪ್ಪನದು. 1990ರಲ್ಲಿ ರಸಮಟ್ಟ ಇಟ್ಟು ತಮ್ಮ ಕೈಯಾರೆ ನಿಲ್ಲಿಸಿದ್ದು. ಅವರು ದಿನವಿಡೀ ಕೂರುವ ಕೋಣೆಯ ಕಿಟಕಿಯೆದುರೇ ಇದ್ದದ್ದರಿಂದ ಯಾವ ಪೋಕರಿಯೂ ಅದರ ಹತ್ತಿರ ಸುಳಿದಿರಲಿಲ್ಲ. ದಾರ ಇಳಿಬಿಟ್ಟರು. ಒಂದಿಂಚಿಗೆ ಚೂರು ಕಮ್ಮಿ. ಅದೂ ಅದೇ ಕಡೆಗೆ, ಇಳಿಜಾರಿನ ಕೆಳಗಿನ ನದಿಯ ಕಡೆಗೆ.

"ಯಾರೂ ತಳ್ಳಿಲ್ಲ," ಒಡೆಸ್ಸಾ ಮೆಲ್ಲಗೆ ಹೇಳಿದಳು. "ಗುಡ್ಡನೇ ನಡೀತಿದೆ. ಮೇಲಿನ ಮಣ್ಣು ಬೇಗ, ಕೆಳಗಿನದು ನಿಧಾನ. ಅದಕ್ಕೇ ವಾಲೋದು."

ನೊರೀನ್ ತಲೆಯೆತ್ತಿ ನೋಡಿದಳು. ಬೇಲಿಯಂಚಿನ ಮರಗಳೆಲ್ಲ ಬುಡದಲ್ಲಿ ಮೊಣಕಾಲಿನಂತೆ ಬಾಗಿ, ಆಮೇಲೆ ಆಕಾಶಕ್ಕೆ ನೆಟ್ಟಗಾಗಿದ್ದವು. ಕೆಳಗಿನ ರಸ್ತೆಯ ತಡೆಗೋಡೆಗೆ ಹೊಟ್ಟೆ ಬಂದಿತ್ತು. ಅದರಾಚೆ ಅವಳು ಹುಟ್ಟಿ ಬೆಳೆದ ಮನೆಯ ಮೆಟ್ಟಿಲು. ಅಪ್ಪ ಎಷ್ಟು ಸಲ ಗಾರೆ ಹಾಕಿದರೂ ಬಾಯಿಬಿಡುತ್ತಿದ್ದ ಮೆಟ್ಟಿಲು. ನಲವತ್ತಾರು ವರ್ಷ ಈ ಗುಡ್ಡದ ಮೇಲೆ ಓಡಾಡಿದ್ದಳು. ಅದು ತನ್ನನ್ನು ಹೊತ್ತು ಹೊರಟಿರುವುದು ಅವಳ ಗಮನಕ್ಕೆ ಬಂದೇ ಇರಲಿಲ್ಲ. ಎಷ್ಟು ಆಳದವರೆಗೆ ನಡೆಯುತ್ತಿದೆ ಎಂದು ಒಡೆಸ್ಸಾ ಕೇಳಿದಾಗ, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವಳು ಮಕ್ಕಳೆದುರು ನಿಜವಾಗಿಯೇ "ನನಗೆ ಗೊತ್ತಿಲ್ಲ" ಎಂದಳು. ಹೇಳುವಾಗ ಮೈ ಜುಮ್ಮೆಂದಿತು.

ಮುಂದಿನ ಬುಧವಾರ ಹುಡುಗಿಯೇ ಉಪಾಯ ತಂದಳು. ಆಳವಾದ ಇಕ್ಕಟ್ಟು ಗುಂಡಿ ತೋಡಿ, ಮರದ ಬಿಲ್ಲೆಗಳನ್ನು ಒಂದರ ಮೇಲೊಂದು ನೆಟ್ಟಗೆ ಜೋಡಿಸಿ, ಸುತ್ತ ಮಣ್ಣು ತುಂಬಿಬಿಡುವುದು. ವರ್ಷಗಳು ಕಳೆದ ಮೇಲೆ ಪಕ್ಕದಲ್ಲಿ ಅಗೆದು, ಯಾವ ಬಿಲ್ಲೆ ಎಷ್ಟು ಸರಿದಿದೆ ಎಂದು ನೋಡುವುದು. ಗುಂಡಿ ತೋಡುವುದನ್ನು ತಮಗೆ ಯಾರೂ ಕಲಿಸಬೇಕಿಲ್ಲ ಎಂದು ಹೂಡಾಕ್ ತಾವೇ ಗುದ್ದಲಿ ಹಿಡಿದರು. ಬಾವಿಗೆ ಕೊಡ ಇಳಿಸುವಷ್ಟು ಜೋಪಾನವಾಗಿ ಇಕ್ಕಳದಲ್ಲಿ ಒಂದೊಂದೇ ಬಿಲ್ಲೆ ಇಳಿಸಿದರು. ಗೇಟಿನ ಬೀಗದ ಮಾತನ್ನು ಅವರು ಎತ್ತಲಿಲ್ಲ, ನೊರೀನಳೂ ಕೇಳಲಿಲ್ಲ.

"ಮತ್ತೆ ಯಾವಾಗಮ್ಮಾ ಅಗೆಯೋದು?" ಹೂಡಾಕ್ ಹುಡುಗಿಯನ್ನು ಕೇಳಿದರು.

"ಹತ್ತು ವರ್ಷ ಬಿಟ್ಟು. ಆಗ ನನಗೆ ಹತ್ತೊಂಬತ್ತು."

"ಹತ್ತು ವರ್ಷ! ಅಲ್ಲೀತನಕ ನಾನೆಲ್ಲಿರ್ತೀನಿ?"

"ಇಲ್ಲೇ ಇರ್ತೀರಲ್ಲ," ಎಂದಳು ಒಡೆಸ್ಸಾ, ಅಂಗೈಯಲ್ಲಿ ಮಣ್ಣು ತಟ್ಟುತ್ತ, ತಲೆಯೆತ್ತದೆ.

ಹೂಡಾಕ್ ಸ್ವಲ್ಪ ಹೊತ್ತು ಹುಡುಗಿಯ ನೆತ್ತಿಯನ್ನೇ ನೋಡಿದರು. ಆಮೇಲೆ ಮೇಲಿನ ಸಾಲಿನಲ್ಲಿ, ಹೆಂಡತಿಯ ಸಮಾಧಿಯ ಪಕ್ಕಕ್ಕೆ, ತಮಗೆಂದು ಬಿಟ್ಟುಕೊಂಡಿದ್ದ ಜಾಗಕ್ಕೆ ನಡೆದುಹೋದರು. ಅಕ್ಟೋಬರಿನ ಆ ತಣ್ಣನೆಯ ಹುಲ್ಲಿನ ಮೇಲೆ ಕೂತು, ಬೂಟು ಬಿಚ್ಚಿ, ಕಾಲುಚೀಲ ಕಳಚಿ, ಎದ್ದು, ನೆಲದ ನಡೆ ಅಂಗಾಲಿಗೆ ತಿಳಿದೀತೇನೋ ಎಂಬಂತೆ, ಬರಿಗಾಲಲ್ಲಿ ಅಲುಗಾಡದೆ ನಿಂತರು.