ಅಜ್ಜಪ್ಪನ ಆರೈಕೆ

ಡಾಕ್ಟರಮ್ಮ ಆರೈಕೆಯ ಪಟ್ಟಿಯ ನಾಲ್ಕನೆಯ ಸಾಲನ್ನೂ ನಿಧಾನವಾಗಿ ಬರೆದಳು. ನೀರನ್ನು ಅಗಲವಾದ ಬಟ್ಟಲಿನಲ್ಲಿಡಬೇಕು, ದಿನವೂ ಬೆಳಿಗ್ಗೆ ಆರಕ್ಕೆ ಸರಿಯಾಗಿ ಬದಲಿಸಬೇಕು. ಮುತ್ತು ಪೋಣಿಸಿದಂಥ ಅಕ್ಷರ. ಆಮೆ ಸಾಕುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ಇನ್ನೊಂದಿಲ್ಲ. ಆದರೆ ಮೇಜಿನ ಮೇಲೆ ಕೂತಿದ್ದದ್ದು ಆಮೆಯಲ್ಲ, ಊಸರವಳ್ಳಿ. ಅದು ಬಟ್ಟಲಿನ ನೀರನ್ನು ನೀರೆಂದೇ ಗುರುತಿಸುವುದಿಲ್ಲ. ಎಲೆಯ ಮೇಲೆ ಹನಿ ಹೊಳೆದರಷ್ಟೇ ನಾಲಿಗೆ ಚಾಚುತ್ತದೆ. ತುಂಬಿದ ಬಟ್ಟಲಿನ ಪಕ್ಕದಲ್ಲೇ ಬಾಯಾರಿ ಸಾಯುತ್ತದೆ.

ಹಾವು, ಹಲ್ಲಿ, ಆಮೆಗಳಿಗೆ ಮದ್ದು ಕೊಡುವವಳು ಆ ಊರಿನಲ್ಲಿ ಅವಳೊಬ್ಬಳೇ. ಪಟ್ಟಿಯಲ್ಲಿದ್ದ ಮಾತೆಲ್ಲ ಅವಳೇ ಹಂಚುವ ಕರಪತ್ರಗಳದ್ದು. ಒಂದೂ ಸುಳ್ಳಲ್ಲ, ಎಲ್ಲವೂ ಬೇರೆ ಪ್ರಾಣಿಗೆ ಸಲ್ಲುವಂಥದ್ದು, ಅಷ್ಟೆ. ನಾಲ್ಕೂ ಕಡೆ ಗಾಜಿರುವ ಪೆಟ್ಟಿಗೆಯಲ್ಲಿಡಿ ಎಂದು ಬರೆದಿದ್ದಳು. ಹೆಬ್ಬಾವಿಗೆ ಅದು ಅರಮನೆ, ಊಸರವಳ್ಳಿಗೆ ಗಾಳಿಯಾಡದ ಗೋರಿ. ವಾರಕ್ಕೊಮ್ಮೆ ಊಟ ಸಾಕು ಎಂದಿದ್ದಳು, ಅದೂ ಹಾವಿನ ಕ್ರಮವೇ. ಬಿಸಿಲಿನಂಥ ವಿಶೇಷ ದೀಪ ಬೇಡ, ತಳದಲ್ಲೊಂದು ಬೆಚ್ಚನೆಯ ಹಾಸು ಹಾಕಿ ಎಂದಿದ್ದಳು. ಕತ್ತಲಲ್ಲಿ ಓಡಾಡುವ ಹಲ್ಲಿಗೆ ಅಷ್ಟು ಸಾಕು. ಊಸರವಳ್ಳಿಗಾದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ನಾಳೆ ಯಾರಾದರೂ ಕೇಳಿದರೆ ನೋಡಿ ಬರೆಯುವಾಗ ಕರಪತ್ರಗಳು ಅದಲುಬದಲಾದವು ಎಂದರಾಯಿತು.

ಅವಳಿಗೆ ಬೇಕಾಗಿದ್ದದ್ದು ಮಗಳು. ಗಂಡನಿಂದ ಬೇರೆಯಾಗಿ ಏಳು ತಿಂಗಳಾಗಿತ್ತು. ಹನ್ನೊಂದು ವರ್ಷದ ಹುಡುಗಿ ವಾರವೆಲ್ಲ ಅಪ್ಪನ ಮನೆಯಲ್ಲಿದ್ದು, ಶನಿವಾರ ಸಂಜೆ ಅಮ್ಮನ ಹತ್ತಿರ ಬಂದು ಮರುದಿನ ಹೋಗುತ್ತಿದ್ದಳು. ಇನ್ನೆರಡು ತಿಂಗಳಿಗೆ ನ್ಯಾಯಾಲಯದ ಆಪ್ತಸಲಹೆಗಾರ್ತಿ ಅವಳನ್ನೇ ಕೂರಿಸಿಕೊಂಡು ಯಾರ ಜೊತೆ ಇರುತ್ತೀಯ ಎಂದು ಕೇಳಲಿದ್ದಳು. ಹುಡುಗಿಗೆ ಪ್ರಾಣಿಗಳೆಂದರೆ ಪ್ರಾಣ. ಅವಳ ಮುದ್ದಿನ ಜೀವವೊಂದು ಅವಳ ಕಣ್ಣೆದುರೇ, ಅಪ್ಪನ ಕೈಯಲ್ಲಿ ಸತ್ತರೆ ಸಾಕು, ಆಮೇಲೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ.

ಅಪ್ಪ ಲಿಫ್ಟ್ ರಿಪೇರಿಯವನು. ಕೇಬಲ್ಲು, ಗೇರು ಬಿಟ್ಟರೆ ಅವನಿಗೆ ಲೋಕಜ್ಞಾನ ಸೊನ್ನೆ ಎಂಬುದು ಹೆಂಡತಿಯ ಹಳೆಯ ಅಭಿಪ್ರಾಯ. “ಇದರಲ್ಲಿರೋದನ್ನ ಒಂದಕ್ಷರ ತಪ್ಪದ ಹಾಗೆ ಮಾಡಿ,” ಎಂದು ಪಟ್ಟಿಯನ್ನು ಅವನ ಜೇಬಿಗೆ ತುರುಕಿದಳು. ಮಗಳು ತಾನು ಅಪ್ಪನ ಮನೆಗೆ ಒಯ್ಯಲಿದ್ದ ಹುಟ್ಟುಹಬ್ಬದ ಉಡುಗೊರೆಯನ್ನು ಕಣ್ಣರಳಿಸಿ ನೋಡಿದಳು. ಒಂದು ಕಣ್ಣು ಅತ್ತ, ಒಂದು ಕಣ್ಣು ಇತ್ತ ಹೊರಳಿಸುತ್ತ, ಹೆಜ್ಜೆಗೊಮ್ಮೆ ನಿಂತು ಯೋಚಿಸುವ ಆ ಪ್ರಾಣಿಗೆ ಅಲ್ಲೇ ಅಜ್ಜಪ್ಪ ಎಂದು ಹೆಸರಿಟ್ಟು ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು. ಪಟ್ಟಿಯನ್ನು ವಾಪಸು ಕೇಳೋಣವೇ ಎಂದು ಡಾಕ್ಟರಮ್ಮ ಒಂದು ಗಳಿಗೆ ಅಂದುಕೊಂಡಳು. ಒಂದೇ ಗಳಿಗೆ.

ಮೂರನೆಯ ವಾರ ಗಂಡನ ಫೋನ್ ಬಂತು. ಅಜ್ಜಪ್ಪನ ಕಣ್ಣು ಗುಳಿಬಿದ್ದಿದೆ, ಇಂಟರ್ನೆಟ್ಟಿನಲ್ಲಿ ಬೇರೆಯೇ ಏನೇನೋ ಹೇಳಿದ್ದಾರೆ ಎಂದ. ಇಂಟರ್ನೆಟ್ ನೋಡಿಕೊಂಡು ಲಿಫ್ಟ್ ರಿಪೇರಿ ಮಾಡುತ್ತೀರಾ ಎಂದು ಅವಳು ಕೇಳಿದಳು.

“ಬದಲಾಯಿಸೋಣ ಅಂತ ನನಗಿದೆ. ಆದ್ರೆ ಈ ಮನೇಲಿ ನಿನ್ನ ಮಾತಿನ ಮುಂದೆ ನನ್ನ ಮಾತು ಎಲ್ಲಿ ನಡೆಯುತ್ತೆ?”

ಅದೇ ಹಳೆಯ ಗೊಣಗಾಟ. ಅವಳು ಫೋನ್ ಇಟ್ಟಳು.

ಮಗಳು ಭಾನುವಾರವೂ ಆರಕ್ಕೆ ಮುಂಚೆಯೇ ಎದ್ದು ಕೂರುತ್ತಿದ್ದಳು. ಎದ್ದವಳೇ ಅಪ್ಪನಿಗೊಂದು ಫೋನ್. ಅಷ್ಟೊಂದು ಅಂಟಿಕೊಂಡಿದ್ದಾಳಲ್ಲ ಎಂದು ಡಾಕ್ಟರಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. ಅಜ್ಜಪ್ಪ ಮಂಕಾಗಿದ್ದಾನೆ, ಕೊಂಬೆ ಹಿಡಿಯಲೂ ಆಗುತ್ತಿಲ್ಲ ಎಂದು ಒಮ್ಮೆ ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. ಪಟ್ಟಿಯಲ್ಲಿರುವಂತೆಯೇ ಮಾಡಿದರೆ ಏನೂ ಆಗುವುದಿಲ್ಲ ಎಂದು ಅಮ್ಮ ಅವಳ ತಲೆ ಸವರಿದಳು. ಹುಡುಗಿ ಹೂಂಗುಟ್ಟಿದಳು.

ಏಳನೆಯ ವಾರ ಅಜ್ಜಪ್ಪ ಶೂ ಡಬ್ಬಿಯಲ್ಲಿ ವಾಪಸು ಬಂದ. ಡಾಕ್ಟರಮ್ಮ ಮಗಳನ್ನು ಎದೆಗವಚಿಕೊಂಡು, ಅಪ್ಪನ ಮೇಲೆ ಸಿಟ್ಟಾಗಬೇಡ, ಪಾಪ, ಅವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದಳು. ಹುಡುಗಿ ಅಳಲಿಲ್ಲ. ಅಪ್ಪನ ಕಡೆ ನೋಡಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಮಗಳು ಬೇಡವೆಂಬಂತೆ ತಲೆಯಾಡಿಸಿದಳು. ಎಲ್ಲ ಅಂದುಕೊಂಡ ಹಾಗೇ ಆಗಿತ್ತು, ಡಾಕ್ಟರಮ್ಮನಿಗೆ ಅಂದು ಒಳ್ಳೆಯ ನಿದ್ದೆ ಬಂತು.

ಆಪ್ತಸಲಹೆಗಾರ್ತಿಯ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಮೇಜು. ಅಪ್ಪ ಹೊರಗೆ ಬೆಂಚಿನ ಮೇಲೆ ತನ್ನ ಸರದಿ ಕಾಯುತ್ತಿದ್ದ. ಪ್ರಶ್ನೆ ಕೇಳಿದ್ದೇ ತಡ, ಹುಡುಗಿ ಅಪ್ಪನ ಜೊತೆ ಎಂದುಬಿಟ್ಟಳು. ಪಕ್ಕದ ಕುರ್ಚಿಯಲ್ಲಿದ್ದ ಡಾಕ್ಟರಮ್ಮ ಮಗಳನ್ನೇ ದಿಟ್ಟಿಸಿದಳು. ಯಾಕೆ ಪುಟ್ಟಿ, ಅಮ್ಮ ಬೇಡವಾ ಎಂದು ಆಪ್ತಸಲಹೆಗಾರ್ತಿ ಕೇಳಿದಳು.

“ಅಮ್ಮ ಬೇಕು. ಆದ್ರೆ ಅಮ್ಮನ ಮನೇಲಿ ಆಮೆಗಳಿವೆ, ಹಾವಿದೆ. ನಾನು ಅಲ್ಲಿದ್ರೆ ಅವೂ ಸಾಯುತ್ವೆ. ಅಜ್ಜಪ್ಪನ್ನ ಸಾಯಿಸಿದ್ದು ನಾನೇ.”

ಅಪ್ಪನಿಗೆ ಹೊತ್ತುಗೊತ್ತಿಲ್ಲದ ಕೆಲಸ. ಮೊದಲ ದಿನವೇ ಪಟ್ಟಿಯನ್ನು ಮಗಳ ಕೈಗೆ ಕೊಟ್ಟಿದ್ದ. ಅಲ್ಲಿಂದ ಎಲ್ಲ ಅವಳದೇ ಉಸ್ತುವಾರಿ, ಭಾನುವಾರ ಮಾತ್ರ ಬೆಳಿಗ್ಗೆ ಫೋನ್ ಮಾಡಿ ಆರಕ್ಕೆ ನೀರು ಬದಲಿಸಲು ಅಪ್ಪನಿಗೆ ಹೇಳುತ್ತಿದ್ದಳು. ಇದು ಸರಿಯಿಲ್ಲವೇನೋ ಎಂದು ಅಪ್ಪ ಅಂದಾಗಲೆಲ್ಲ ರಂಪ ಮಾಡಿ, ಊಟ ಬಿಟ್ಟು, ಅಮ್ಮ ಬರೆದದ್ದೇ ಸರಿ ಎಂದು ಹಟ ಹಿಡಿದವಳೂ ಅವಳೇ. ಇದನ್ನೆಲ್ಲ ತಲೆ ತಗ್ಗಿಸಿಕೊಂಡು ಒಪ್ಪಿಸಿದ ಹುಡುಗಿ ಅಮ್ಮನ ಕಡೆ ತಿರುಗಿದಳು.

“ನೀನು ಬರೆದಿದ್ದೆಲ್ಲ ಮಾಡಿದೆ ಅಮ್ಮ, ಒಂದು ದಿನಾನೂ ಬಿಡಲಿಲ್ಲ. ಎಲ್ಲಿ ತಪ್ಪು ಮಾಡಿದೆ ನಾನು?”

ಆಪ್ತಸಲಹೆಗಾರ್ತಿ ಪೆನ್ನು ಕೆಳಗಿಟ್ಟು ಡಾಕ್ಟರಮ್ಮನ ಮುಖ ನೋಡಿದಳು. ತಪ್ಪು ನಿನ್ನದಲ್ಲ ಎಂಬ ಒಂದು ಮಾತು ಸಾಕಿತ್ತು. ಆಮೇಲೆ, ಹಾಗಾದರೆ ಯಾರದು ಎಂಬ ಪ್ರಶ್ನೆ ಬರುತ್ತಿತ್ತು.

“ಒಂದು ದಿನ ಎಲ್ಲೋ ಏನೋ ಮರೆತಿರ್ತೀಯ ಪುಟ್ಟಿ,” ಎಂದಳು ಡಾಕ್ಟರಮ್ಮ.