ಖಾಲಿ ಕೊಂಬೆ

ಟಕ್. ಗಾಜಿನ ಪೆಟ್ಟಿಗೆಯ ಚಿಲಕದ ಸದ್ದು. ಹಾವಿನ ಕೋಣೆಯ ಹಿಂದಿನ ಮನೆಯಲ್ಲಿ ಮಲಗಿದ್ದ ಅವಳಿಗೆ ಎಚ್ಚರವಾಯಿತು. ಇಷ್ಟು ಹೊತ್ತಿನಲ್ಲಿ ಯಾರು? ಕಿವಿಗೊಟ್ಟು ಕುಳಿತಳು. ಮತ್ತೆ ಸದ್ದಿಲ್ಲ. ಭ್ರಮೆಯಿರಬೇಕು ಎಂದುಕೊಂಡು ಹೊದ್ದು ಮಲಗಿದಳು.

ಬೆಳಿಗ್ಗೆ ನೋಡಿದರೆ, ಹಾವಿನ ವಿಷ ಸಂಗ್ರಹಿಸುವ ಆ ಕೇಂದ್ರದ ನಿರ್ದೇಶಕರು ತಮ್ಮ ಕುರ್ಚಿಯಲ್ಲೇ ಸತ್ತಿದ್ದರು. ಎಡ ಮಣಿಕಟ್ಟಿನ ಮೇಲೆ ಎರಡು ಸಣ್ಣ ತೂತು. ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಒಳಗೆ ಬರಿಯ ಕೊಂಬೆ.

ಎತ್ತರದ ಬೆಟ್ಟಗಾಡಿನಲ್ಲಿ, ಮರದ ಮೇಲಷ್ಟೇ ಬದುಕುವ ಅಪರೂಪದ ಹಸಿರು ಹಾವು. ಕೇಂದ್ರದಲ್ಲಿದ್ದದ್ದು ಒಂದೇ ಒಂದು. ಅದಕ್ಕೆ ಆಹಾರ ಹಾಕಿ, ವಿಷ ತೆಗೆಯುತ್ತಿದ್ದವಳು ಅವಳೊಬ್ಬಳೇ. ಅದಿರುವ ತನಕ ಅವಳಿಗೆ ಕೆಲಸ, ಅದಿರುವ ತನಕ ಆ ಮನೆ. ವಾರಗಟ್ಟಲೆ ಅಲುಗಾಡದ ಜಾತಿ ಅದು. ಕಣ್ಣು ಮಂಜಾಗಿದ್ದರೂ ನಿರ್ದೇಶಕರು ದಿನಾ ಸಂಜೆ ಗಾಜಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದರು.

“ನನ್ನ ಅಳಿಯನಿಗಿಂತ ಇದೇ ವಾಸಿ ಕಣಮ್ಮ. ಕಚ್ಚೋ ಮುಂಚೆ ಬಾಲನಾದ್ರೂ ಅಲ್ಲಾಡಿಸುತ್ತೆ.”

ಕಚೇರಿ ನೋಡಿಕೊಳ್ಳುವ ಅಳಿಯ ಬಾಗಿಲಲ್ಲೇ ನಿಂತು ತಾನೂ ನಗುತ್ತಿದ್ದ. ಹಾವೆಂದರೆ ಅವನಿಗೆ ಆಗದು. ಗಾಜಿನ ಹತ್ತಿರವೂ ಸುಳಿದವನಲ್ಲ.

“ಚಿಲಕ ಹಾಕಿದ್ರಾ?” ಇನ್‌ಸ್ಪೆಕ್ಟರ್ ಕೇಳಿದ.

“ಹಾಕಿದ್ದೆ ಸರ್.”

“ಹಾಗಾದ್ರೆ ಹಾವೇ ಚಿಲಕ ತೆಗೆದು ಬಂತು ಅನ್ನಿ.”

ಪೊಲೀಸರು ಮೊಣಕಾಲುದ್ದದ ಬೂಟು ಹಾಕಿಕೊಂಡು ಮೂಲೆಮೂಲೆಯನ್ನೂ ಕೋಲಿನಿಂದ ಕೆದಕಿದರು. ಅವಳು ಕಪಾಟಿನ ಹಿಂದಕ್ಕೆ ಬರಿಗೈ ತೂರಿಸಿ ತಡಕಾಡಿದಳು.

“ಅಯ್ಯೋ, ಕೈ ತೆಗೀರಿ! ಜೀವದ ಮೇಲೆ ಆಸೆ ಇಲ್ವಾ?” ಪೇದೆ ಗದರಿದ. ಆಮೇಲೆ ಮೂಲೆಯ ಪಂಜರ ನೋಡಿ ಮುಖ ಕಿವುಚಿದ. “ಇಷ್ಟೊಂದು ಇಲಿ! ಹಾವಿಗೇನು ಉಪವಾಸ ಕೆಡವಿದ್ರಾ?”

“ಅದು ತಿನ್ನೋದು ಕಮ್ಮಿ,” ಎಂದಳು.

ಸಂಜೆಯಾದರೂ ಹಾವು ಸಿಗಲಿಲ್ಲ. ಇನ್‌ಸ್ಪೆಕ್ಟರ್ ವಿಷದ ಶೀಶೆಗಳಿದ್ದ ಬೀರುವಿನತ್ತ ಗದ್ದದಿಂದಲೇ ಸನ್ನೆ ಮಾಡಿದ. “ಇದರ ಕೀಲಿ ಯಾರ ಹತ್ರ?”

“ನನ್ನ ಹತ್ರ. ಇನ್ನೊಂದು ಸಾಹೇಬರ ಜೇಬಲ್ಲಿ.”

“ಹಾಗಿದ್ರೆ ಹಾವೇ ಕಚ್ಚಿದ್ದು ಅಂತ ದೇವರಲ್ಲಿ ಬೇಡ್ಕೊಳ್ಳಿ. ಅಜಾಗ್ರತೆ ಅಂತ ಬರೆದ್ರೆ ದಂಡ ಕಟ್ಟಿ ಉಳ್ಕೋತೀರಿ. ಹಾವಲ್ಲ ಅಂತಾದ್ರೆ ಕೊಲೆ.”

ಅವಳು ತಲೆಯಾಡಿಸಿದಳು.

ಎಲ್ಲರೂ ಹೊರಟ ಮೇಲೆ ಅಳಿಯ ಬಂದ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. “ಹೆದರಬೇಡಿ ಅಕ್ಕ. ಮನೆ ಖಾಲಿ ಮಾಡಿ ಅಂತ ನಾನಂತೂ ಹೇಳಲ್ಲ. ಆ ಹಾವು ಎಂಥದ್ದು ಅಂತ ಗೊತ್ತಿರೋದು ನಮ್ಮಿಬ್ಬರಿಗೇ ತಾನೆ?” ಅವಳ ಕೈಯಲ್ಲಿ ಏನನ್ನೋ ಇಟ್ಟು, ಬೆರಳುಗಳನ್ನು ತಾನೇ ಮಡಿಸಿ ಹೋದ.

ಅವಳು ಅಂಗೈ ಬಿಚ್ಚಿದಳು. ಒಂದು ಚಿಟಿಕೆ ಹತ್ತಿ. ಅಂಚಿನಲ್ಲಿ ಹಸಿರು ಬಣ್ಣ ಮೆತ್ತಿತ್ತು.

ಯಾರಿಗೂ ಹೇಳಬಾರದೆಂದು ಅವಳು ನಿಂತಲ್ಲೇ ತೀರ್ಮಾನಿಸಿದಳು: ಹಾವು ಎರಡು ತಿಂಗಳ ಹಿಂದೆಯೇ ಸತ್ತಿತ್ತೆಂದು, ಅದರ ಚರ್ಮಕ್ಕೆ ಹತ್ತಿ ತುಂಬಿ, ಹೊಲಿದು, ಬಣ್ಣ ಬಳಿದು ಕೊಂಬೆಗೆ ಸುತ್ತಿದವಳು ತಾನೇ ಎಂದು.